ಹೆಸರಲ್ಲಿ ‘ಞ’ ಇದ್ದ ಮಾಷ್ಟ್ರು: ಕಯ್ಯಾರ ಕಿಞ್ಞಣ್ಣ ರೈ

ಇವತ್ತಿನ ಎಪಿಸೋಡ್ ಶುರು ಮಾಡೋ ಮೊದಲು ನಿಮಗೆ ಒಂದು ಸಣ್ಣ ಕೆಲಸ. ಫೋನಿನಲ್ಲಿ ಕನ್ನಡ ಕೀಬೋರ್ಡ್ ತೆಗೆದು ‘ಞ’ ಅಕ್ಷರ ಎಲ್ಲಿ ಉಂಟು ಅಂತ ಹುಡುಕಿ. ಸಿಗ್ಲಿಕ್ಕೆ ಸ್ವಲ್ಪ ಹೊತ್ತು ಬೇಕು. ಒಂದನೇ ಕ್ಲಾಸಿನಲ್ಲಿ ಚ ಛ ಜ ಝ ಞ ಅಂತ ರಾಗ ಎಳೆದು ಬಾಯಿಪಾಠ ಮಾಡಿದ್ದು ಬಿಟ್ರೆ, ಆಮೇಲೆ ನಮ್ಮಲ್ಲಿ ಹೆಚ್ಚಿನವರು ಆ ಅಕ್ಷರದ ತಂಟೆಗೇ ಹೋಗಿರೋದಿಲ್ಲ.

ಇವತ್ತು ನಾನು ಹೇಳ್ಬೇಕಂತಿರೋ ಮಾಷ್ಟ್ರ ಹೆಸರಿನಲ್ಲಿ ಅದು ಒತ್ತಕ್ಷರ ಸೇರಿ ಎರಡು ಸಲ ಬರ್ತದೆ. ಕಯ್ಯಾರ ಕಿಞ್ಞಣ್ಣ ರೈ. ಕಾಸರಗೋಡಿನವರು. ಇನ್ನೊಂದು ವಿಷಯ ಗೊತ್ತುಂಟಾ? ಮಲಯಾಳಂನಲ್ಲಿ ‘ನಾನು’ ಅನ್ನೋ ಪದ ‘ಞಾನ್’. ಅಂದ್ರೆ ನಮ್ಮ ವರ್ಣಮಾಲೆಯಲ್ಲಿ ಸುಮ್ನೆ ಕೂತಿರೋ ಈ ಅಕ್ಷರ ಪಕ್ಕದ ಭಾಷೆಯವರಿಗೆ ತಮ್ಮನ್ನು ತಾವು ಹೇಳಿಕೊಳ್ಳೋ ಅಕ್ಷರ. ಈ ಎರಡು ಭಾಷೆಗಳ ನಡುವೆ ಒಂದು ಗೆರೆ ಎಳೆದರು. ಆ ಗೆರೆಯ ಮೇಲೆಯೇ ಈ ಮಾಷ್ಟ್ರು ಬದುಕಿದರು.

ಮೊದಲು ತಾರೀಕುಗಳನ್ನು ಹೇಳಿಬಿಡ್ತೇನೆ. ಹುಟ್ಟಿದ್ದು 1915ರ ಜೂನ್ 8. ತೀರಿಕೊಂಡದ್ದು 2015ರ ಆಗಸ್ಟ್ 9. ಲೆಕ್ಕ ಹಾಕಿದ್ರೆ ನೂರು ವರ್ಷ, ಎರಡು ತಿಂಗಳು, ಒಂದು ದಿನ. ಗಾಂಧೀಜಿಯ ಪ್ರಭಾವದಲ್ಲಿ ಸ್ವಾತಂತ್ರ್ಯ ಹೋರಾಟಕ್ಕೆ ಇಳಿದವರು, ಕ್ವಿಟ್ ಇಂಡಿಯಾ ಚಳವಳಿಯ ದಿನವೇ ಹೋದರು.

ಈ ನೂರು ವರ್ಷದಲ್ಲಿ ಅವರು ಏನೆಲ್ಲ ಆಗಿದ್ರು ಅಂತ ಕೇಳಿ: ಪತ್ರಕರ್ತ, ಕವಿ, ಅಡಿಕೆ ತೋಟದ ಕೃಷಿಕ, ಪಂಚಾಯತ್ ಅಧ್ಯಕ್ಷ. ಆದ್ರೆ ಊರಿನವರ ಬಾಯಲ್ಲಿ ಮೊದಲು ಬರೋದು ಮಾಷ್ಟ್ರು ಅಂತಲೇ. ಬದಿಯಡ್ಕದ ಹತ್ತಿರ ಪೆರಡಾಲದ ನವಜೀವನ ಹೈಸ್ಕೂಲಿನಲ್ಲಿ ಅವರು ಪಾಠ ಮಾಡಿದರು. 1969ರಲ್ಲಿ ರಾಷ್ಟ್ರಪತಿಗಳಿಂದ ರಾಷ್ಟ್ರೀಯ ಶಿಕ್ಷಕ ಪ್ರಶಸ್ತಿ ಬಂತು. ತಮ್ಮ ಆತ್ಮಕಥೆಗೆ ಅವರು ಇಟ್ಟ ಹೆಸರು ‘ದುಡಿತವೆ ನನ್ನ ದೇವರು’. ಆ ಹೆಸರಿನಲ್ಲಿ ಕವಿಗಿಂತ ಗದ್ದೆ-ತೋಟದ ಮನುಷ್ಯನೇ ಹೆಚ್ಚು ಕಾಣ್ತಾರೆ.

ಇನ್ನು ಗೆರೆಯ ಕಥೆ.

ಇವತ್ತಿನ ಮ್ಯಾಪ್ ನೋಡಿ ಬೆಳೆದ ನಮಗೆ ಕಾಸರಗೋಡು ಅಂದ್ರೆ ಕೇರಳದ ತುತ್ತತುದಿಯ ಜಿಲ್ಲೆ. ಜಿಲ್ಲೆ ಆದದ್ದು 1984ರಲ್ಲಿ. ಅದಕ್ಕಿಂತ ಮೊದಲು, 1956ರ ತನಕ, ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯ ಒಂದು ತಾಲೂಕು. ಮಂಗಳೂರು, ಪುತ್ತೂರು, ಕುಂದಾಪುರ ಹೇಗೋ ಹಾಗೆ. ಇಡೀ ಜಿಲ್ಲೆ ಮದ್ರಾಸ್ ರಾಜ್ಯದಲ್ಲಿತ್ತು. 1953ರಲ್ಲಿ ರಾಜ್ಯ ಪುನರ್ವಿಂಗಡಣಾ ಆಯೋಗ ನೇಮಕವಾಯ್ತು. 1955ರಲ್ಲಿ ವರದಿ ಬಂತು. 1956ರ ನವೆಂಬರ್ 1ರಂದು ಜಿಲ್ಲೆಯ ಉಳಿದ ಭಾಗ ಮೈಸೂರು ರಾಜ್ಯಕ್ಕೆ ಬಂತು, ಕಾಸರಗೋಡು ತಾಲೂಕು ಕೇರಳಕ್ಕೆ ಹೋಯ್ತು. ನಾವು ಇಲ್ಲಿ ಪ್ರತಿ ವರ್ಷ ಬಾವುಟ ಹಾರಿಸಿ ರಾಜ್ಯೋತ್ಸವ ಮಾಡೋ ದಿನ, ಅಲ್ಲಿನ ಕನ್ನಡಿಗರಿಗೆ ಮನೆಯಿಂದ ಹೊರಗೆ ಉಳಿದ ದಿನ.

ಈಗ ಒಬ್ಬ ಮಾಷ್ಟ್ರ ಜಾಗದಲ್ಲಿ ನಿಂತು ಯೋಚನೆ ಮಾಡಿ. ನಿಮ್ಮ ಶಾಲೆ ಎಲ್ಲಿಗೂ ಹೋಗಿಲ್ಲ. ಬೆಂಚು ಅದೇ, ಬೋರ್ಡು ಅದೇ, ಮನೆಯಲ್ಲಿ ತುಳು ಮಾತಾಡಿ ಶಾಲೆಯಲ್ಲಿ ಕನ್ನಡ ಕಲಿಯೋ ಮಕ್ಕಳೂ ಅವರೇ. ಆದ್ರೆ ರಾಜ್ಯ ಬೇರೆ. ಸರ್ಕಾರದ ಭಾಷೆ ಬೇರೆ. ನೀವು ಕನ್ನಡದಲ್ಲಿ ಕಲಿಸಿ ಪಾಸು ಮಾಡಿಸಿದ ಹುಡುಗ ನಾಳೆ ಯಾವ ಆಫೀಸಿನಲ್ಲಿ, ಯಾವ ಭಾಷೆಯಲ್ಲಿ ಅರ್ಜಿ ಬರೀಬೇಕು? ಅವನಿಗೆ ಕೆಲಸ ಎಲ್ಲಿ ಸಿಗ್ತದೆ? ಮಕ್ಕಳ ಭವಿಷ್ಯದ ಪ್ರಶ್ನೆ ಬಂದಾಗ ಅಪ್ಪ-ಅಮ್ಮ ಬಂದು ಕೇಳೋದು ಮಾಷ್ಟ್ರನ್ನೇ ಅಲ್ವಾ?

ಕಯ್ಯಾರರು ಬೀದಿಗೆ ಇಳಿದರು. ಆ ಸಂಕಟವನ್ನು ಕವಿತೆ ಮಾಡಿದರು. ಅವರ ಕವಿತೆ ಕಾಸರಗೋಡಿನ ಕನ್ನಡ ಹೋರಾಟದ ಹಾಡೇ ಆಗಿಹೋಯ್ತು. ಒತ್ತಡ ಜೋರಾಗಿ 1966ರಲ್ಲಿ ಕೇಂದ್ರ ಸರ್ಕಾರ ಸುಪ್ರೀಂ ಕೋರ್ಟಿನ ನಿವೃತ್ತ ಮುಖ್ಯ ನ್ಯಾಯಮೂರ್ತಿ ಮೆಹರ್ ಚಂದ್ ಮಹಾಜನ್ ಅವರ ಆಯೋಗ ನೇಮಿಸಿತು. 1967ರಲ್ಲಿ ಬಂದ ವರದಿ ಬೆಳಗಾವಿ ಕಾರಣಕ್ಕೆ ನಮಗೆಲ್ಲ ಗೊತ್ತು. ಆದ್ರೆ ಅದೇ ವರದಿಯಲ್ಲಿ ಇನ್ನೊಂದು ಶಿಫಾರಸು ಇತ್ತು: ಚಂದ್ರಗಿರಿ ಹೊಳೆಯ ಉತ್ತರಕ್ಕಿರೋ ಕಾಸರಗೋಡಿನ ಭಾಗ ಮೈಸೂರು ರಾಜ್ಯಕ್ಕೆ ಸೇರಬೇಕು ಅಂತ. ಅದು ಜಾರಿಗೆ ಬರ್ಲೇ ಇಲ್ಲ. ಮಂಜೇಶ್ವರದ ರಾಷ್ಟ್ರಕವಿ ಗೋವಿಂದ ಪೈಗಳು ಈ ವರದಿ ಬರೋ ಮೊದಲೇ, 1963ರಲ್ಲೇ ತೀರಿಕೊಂಡಿದ್ದರು. ಕಯ್ಯಾರರು ಅದಾದ ಮೇಲೆ ಇನ್ನೂ 48 ವರ್ಷ ಬದುಕಿದರು, ಕೊನೆಯ ತನಕ ಅದೇ ಬೇಡಿಕೆ ಇಟ್ಟುಕೊಂಡು.

ನಾನು ಕಾಮರ್ಸ್ ಓದಿದವ. ನಮ್ಮ ಬುದ್ಧಿಗೆ ಮೊದಲು ಹೊಳೆಯೋದೇ ಲಾಭ-ನಷ್ಟ. ಹಾಗೆ ನೋಡಿದ್ರೆ ಈ ಮನುಷ್ಯ ತಮ್ಮ ಜೀವನದ ದೊಡ್ಡ ಹೋರಾಟದಲ್ಲಿ ಸೋತರು. ಗೆರೆ ಒಂದಿಂಚೂ ಸರೀಲಿಲ್ಲ. ಎಪಿಸೋಡ್ ಇಲ್ಲಿಗೆ ಮುಗಿಸಬಹುದಿತ್ತು. ಆದ್ರೆ ನನಗೆ ಮುಖ್ಯ ಅನ್ನಿಸಿದ್ದು ಇದರ ಜೊತೆಜೊತೆಗೇ ಅವರು ಮಾಡಿದ ಬೇರೆ ಕೆಲಸ.

ಒಂದು, ಅವರು ಮಕ್ಕಳಿಗಾಗಿ ಕನ್ನಡ ವಾಚನ ಪುಸ್ತಕ, ವ್ಯಾಕರಣದ ಪುಸ್ತಕ ಬರೆದರು. ಭಾಷೆ ಉಳೀಬೇಕು ಅಂತ ಭಾಷಣ ಮಾಡೋದು ಸುಲಭ. ಸೋಮವಾರ ಬೆಳಿಗ್ಗೆ ಮಕ್ಕಳ ಕೈಗೆ ಕೊಡ್ಲಿಕ್ಕೆ ಒಂದು ಪುಸ್ತಕ ಬೇಕಲ್ಲ ಮಾರಾಯ್ರೇ! ಅದನ್ನು ಯಾರಾದ್ರೂ ಕೂತು ಬರೀಬೇಕು.

ಎರಡು, ಪಂಚಾಯತ್. ತಮಗೆ ಬೇಡದ ರಾಜ್ಯ ಅಂತ ಅವರು ಮುಖ ತಿರುಗಿಸಿ ಕೂರ್ಲಿಲ್ಲ. ಅದೇ ಕೇರಳದ ಬದಿಯಡ್ಕ ಗ್ರಾಮ ಪಂಚಾಯತಿಗೆ 15 ವರ್ಷ ಅಧ್ಯಕ್ಷರಾಗಿದ್ದರು. ರಾಜ್ಯ ಯಾವುದೇ ಇರ್ಲಿ, ಊರಿಗೆ ರಸ್ತೆ ಬೇಕು, ನೀರು ಬೇಕು. ಬಾಗಿಲಿಗೆ ಬಂದವನ ಭಾಷೆ ಯಾವುದು ಅಂತ ಕೇಳಿ ಆ ಕುರ್ಚಿಯಲ್ಲಿ ಕೂರ್ಲಿಕ್ಕೆ ಆಗೋದಿಲ್ಲ.

ಮೂರು, ಕವಿತೆಯಲ್ಲಿ ಅವರು ನೋಡಿದ್ದು ಯಾರನ್ನು ಅಂತ ಗಮನಿಸಿ. ಬುಟ್ಟಿ ಹೆಣೆದು ಬದುಕೋ, ಊರು ದೂರ ಇಟ್ಟಿದ್ದ ಕೊರಗ ಸಮುದಾಯದ ಬಗ್ಗೆ ಅವರು ಕವಿತೆ ಬರೆದರು. ಮನೆಮಾತು ತುಳುವಿನಲ್ಲಿ ‘ಎನ್ನಪ್ಪೆ ತುಳುವಪ್ಪೆ’ ಅನ್ನೋ ಸಂಕಲನ ಕೊಟ್ಟರು. ಎನ್ನಪ್ಪೆ ಅಂದ್ರೆ ನನ್ನ ತಾಯಿ.

ನಾಲ್ಕನೇದು ಕೇಳಿದಾಗ ನಾನು ಒಂದು ಕ್ಷಣ ಸುಮ್ನಾದೆ. ಕಾಸರಗೋಡು ಕೇರಳಕ್ಕೆ ಸೇರಬಾರದು ಅಂತ ಜೀವನಪೂರ್ತಿ ಹೋರಾಡಿದ ಇದೇ ಮನುಷ್ಯ, ಮಲಯಾಳಂನ ಮಹಾಕವಿ ಕುಮಾರನ್ ಆಶಾನ್ ಅವರ ಖಂಡಕಾವ್ಯಗಳನ್ನು ಕನ್ನಡಕ್ಕೆ ತಂದರು. ಆಶಾನ್ ಯಾರು? ನಾರಾಯಣ ಗುರುಗಳ ಶಿಷ್ಯ, ಜಾತಿಯ ಕ್ರೌರ್ಯದ ವಿರುದ್ಧ ಕಾವ್ಯ ಬರೆದವರು. ಒಬ್ಬ ಕವಿಯನ್ನು ಅನುವಾದ ಮಾಡೋದು ಅಂದ್ರೆ ತಿಂಗಳುಗಟ್ಟಲೆ ಅವನ ಒಂದೊಂದು ಪದದ ಜೊತೆ ಕೂರೋದು. ದ್ವೇಷ ಇಟ್ಟುಕೊಂಡವರಿಗೆ ಆ ಕೆಲಸ ಸಾಧ್ಯ ಇಲ್ಲ. ಕಯ್ಯಾರರ ಜಗಳ ಗೆರೆಯ ಜೊತೆ ಇತ್ತು, ಪಕ್ಕದ ಮನೆಯವನ ಮಾತಿನ ಜೊತೆ ಇರ್ಲಿಲ್ಲ. ಇವತ್ತು ಭಾಷಾಭಿಮಾನದ ಹೆಸರಲ್ಲಿ ನಮ್ಮ ರೀಲ್ಸ್‌ಗಳ ಕೆಳಗೆ ಬರೋ ಬೈಗುಳ ನೋಡುವಾಗ, ಈ ವ್ಯತ್ಯಾಸ ನಾವು ಮರೆತಿದ್ದೇವೆ ಅನ್ನಿಸ್ತದೆ.

ಹಾಗಂತ ಇದು ಹಳೇ ಕಥೆ ಅಲ್ಲ. 1956ರಲ್ಲೇ ಸಂವಿಧಾನಕ್ಕೆ 350ಎ ಅಂತ ಒಂದು ವಿಧಿ ಸೇರಿಸಿದರು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಶಿಕ್ಷಣವನ್ನು ಮಾತೃಭಾಷೆಯಲ್ಲಿ ಕೊಡ್ಲಿಕ್ಕೆ ರಾಜ್ಯಗಳು ವ್ಯವಸ್ಥೆ ಮಾಡಬೇಕು ಅಂತ ಅದು ಹೇಳ್ತದೆ. ಕಾಗದದಲ್ಲಿ ಉಂಟು. ಆದ್ರೆ ಕನ್ನಡ ಮಾಧ್ಯಮದ ಕ್ಲಾಸಿಗೆ ಕನ್ನಡವೇ ಬಾರದ ಟೀಚರ್ ಬಂದ್ರು ಅಂತ ಕಾಸರಗೋಡಿನ ಮಕ್ಕಳು, ಪೋಷಕರು ಮತ್ತೆ ಮತ್ತೆ ಪ್ರತಿಭಟನೆ ಮಾಡಿದ್ದಾರೆ. 2017ರಲ್ಲಿ ಕೇರಳ ಶಾಲೆಗಳಲ್ಲಿ ಮಲಯಾಳಂ ಕಡ್ಡಾಯ ಮಾಡೋ ಕಾನೂನು ತಂದಾಗಲೂ ಅಲ್ಲಿನ ಕನ್ನಡಿಗರು ಬೀದಿಗೆ ಬಂದರು. ಲೆಕ್ಕ ಕಲಿಸೋ ಟೀಚರ್ ಮಾತೇ ಅರ್ಥ ಆಗದಿದ್ರೆ ಆ ಮಗು ಲೆಕ್ಕದಲ್ಲಿ ಫೇಲ್ ಆಗೋದು ಯಾರ ತಪ್ಪು?

ನಮ್ಮ ಕಡೆಯ ತಪ್ಪನ್ನೂ ಹೇಳ್ಬೇಕು. 2020ರ ಮಾರ್ಚ್‌ನಲ್ಲಿ ಕೋವಿಡ್ ಲಾಕ್‌ಡೌನ್ ಆದಾಗ ಗಡಿ ಮುಚ್ಚಿದ್ದು ಕರ್ನಾಟಕ. ಒಳದಾರಿಗಳಿಗೆ ಮಣ್ಣಿನ ರಾಶಿ ಹಾಕಿದ್ರು. ತಲೆಮಾರುಗಳಿಂದ ಚಿಕಿತ್ಸೆಗೆ ಮಂಗಳೂರನ್ನೇ ನಂಬಿದ್ದ ಕಾಸರಗೋಡಿನ ರೋಗಿಗಳು ತಲಪಾಡಿಯಲ್ಲಿ ನಿಲ್ಲಬೇಕಾಯ್ತು. ಆಸ್ಪತ್ರೆ ತಲುಪಲಾಗದೆ ಕೆಲವರು ತೀರಿಕೊಂಡರು. ವಿಷಯ ಸುಪ್ರೀಂ ಕೋರ್ಟಿನ ತನಕ ಹೋಯ್ತು. ‘ಕಾಸರಗೋಡು ನಮ್ಮದು’ ಅಂತ ನವೆಂಬರ್‌ನಲ್ಲಿ ಸ್ಟೇಟಸ್ ಹಾಕೋ ನಾವು, ಮಾರ್ಚ್‌ನಲ್ಲಿ ಅವರನ್ನು ಹೊರಗಿನವರು ಅಂದೆವು. ಕಯ್ಯಾರರು ಅದನ್ನು ನೋಡ್ಲಿಕ್ಕೆ ಇರ್ಲಿಲ್ಲ. ಇದ್ದಿದ್ರೆ ನಮ್ಮನ್ನು ಬೆಂಚಿನ ಮೇಲೆ ನಿಲ್ಲಿಸ್ತಿದ್ರು ಅಂತ ನನ್ನ ಲೆಕ್ಕ.

ಹಾಗಂತ ಕನ್ನಡ ನಾಡು ಅವರನ್ನು ಪೂರ್ತಿ ಮರೀಲಿಲ್ಲ. 1997ರಲ್ಲಿ ಮಂಗಳೂರಿನಲ್ಲಿ ನಡೆದ 66ನೇ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ಆಗ ಅವರಿಗೆ 82. ಒಂದು ಕಾಲದಲ್ಲಿ ಅವರ ಊರಿಗೆ ಜಿಲ್ಲಾ ಕೇಂದ್ರ ಆಗಿದ್ದ ಪೇಟೆ ಅದು. ಅಲ್ಲಿಗೆ ಅವರು ಈಗ ಇನ್ನೊಂದು ರಾಜ್ಯದಿಂದ ಗಡಿ ದಾಟಿ ಬರಬೇಕಾಯ್ತು.

ಅವರ ಬದುಕಿನಿಂದ ನಾನು ತಗೊಂಡದ್ದು ಇಷ್ಟು. ದೊಡ್ಡ ಪ್ರಶ್ನೆಗೆ ಉತ್ತರ ಸಿಗ್ಲಿಕ್ಕೆ ನೂರು ವರ್ಷವೂ ಸಾಲದೇ ಹೋಗಬಹುದು. ಅಷ್ಟರ ತನಕ ನಾಳೆ ಬೆಳಿಗ್ಗೆಯ ಕ್ಲಾಸ್ ತಪ್ಪಿಸೋ ಹಾಗಿಲ್ಲ.

ನಿಮ್ಮ ಊರಿನಲ್ಲೂ ಇಂಥ ಒಬ್ಬರು ರಿಟೈರ್ಡ್ ಮಾಷ್ಟ್ರೋ ಟೀಚರೋ ಇದ್ದೇ ಇರ್ತಾರೆ. ಅರ್ಜಿ ಬರೆದುಕೊಟ್ಟವರು, ಫೀಸು ಕಟ್ಟಿದವರು, ಪಂಚಾಯತ್ ಆಫೀಸಿಗೆ ಜೊತೆಗೆ ಬಂದವರು. ಈ ಭಾನುವಾರ ಅವರ ಮನೆಗೆ ಹೋಗಿ, ಫೋನಿನಲ್ಲಿ ರೆಕಾರ್ಡ್ ಒತ್ತಿ, ಸುಮ್ನೆ ಕೂತು ಅವರ ಮಾತು ಕೇಳಿ. ಹಾಗೇ ಮನೆಗೆ ಬಂದ ಮೇಲೆ ಕೀಬೋರ್ಡಿನಲ್ಲಿ ಒಮ್ಮೆ ಕಿಞ್ಞಣ್ಣ ಅಂತ ಬರೆದು ನೋಡಿ. ‘ಞ’ ಎಲ್ಲಿದೆ ಅಂತ ಈಗ ಗೊತ್ತುಂಟಲ್ಲ.

ಮುಂದಿನ ವಾರ ಸಿಗುವ.