ಗಾಯ ಮಾಯಿಸುವ ಬೆಳಕು: ಎಷ್ಟು ನಂಬಬಹುದು?



ಸಕ್ಕರೆ ಕಾಯಿಲೆಯವರ ಕಾಲಿನ ಹುಣ್ಣು ತಿಂಗಳುಗಟ್ಟಲೆ ಮಾಯದಿದ್ದಾಗ ‘ಲೇಸರ್ ಕೊಡಿಸಿ, ಕೆಂಪು ದೀಪ ಹಿಡಿಯಿರಿ’ ಎಂಬ ಸಲಹೆ ಬರುವುದುಂಟು. ಗಡಿನಾಡಿನ ನಮಗೆ ಆಸ್ಪತ್ರೆಯ ವಿವರಣೆ ಮಲಯಾಳ, ತಮಿಳು, ಮರಾಠಿ ಇಲ್ಲವೇ ತೆಲುಗಿನಲ್ಲಿ ಸಿಗುವುದೇ ಹೆಚ್ಚು. ಹಾಗಾಗಿ ಈ ಚಿಕಿತ್ಸೆಯ ಬಗ್ಗೆ ತಿಳಿದಿರಬೇಕಾದ ವಿಷಯಗಳನ್ನು ಕನ್ನಡದಲ್ಲಿ ಇಲ್ಲಿ ಕೊಡುತ್ತಿದ್ದೇವೆ.

ಹಿನ್ನೆಲೆ
ಚರ್ಮದ ಕ್ಷಯಕ್ಕೆ ಬೆಳಕಿನಿಂದ ಚಿಕಿತ್ಸೆ ನೀಡಿದ ಡೆನ್ಮಾರ್ಕಿನ ವೈದ್ಯ ನೀಲ್ಸ್ ಫಿನ್ಸೆನ್ 1903ರಲ್ಲಿ ನೊಬೆಲ್ ಪಡೆದರು. ಇಂದಿನ ಲೇಸರ್ ಚಿಕಿತ್ಸೆಯ ಮೂಲ ಬೇರೆ. 1967ರ ಸುಮಾರಿಗೆ ಬುಡಾಪೆಸ್ಟಿನ ಎಂಡ್ರೆ ಮೆಸ್ಟರ್, ಲೇಸರ್‌ನಿಂದ ಕ್ಯಾನ್ಸರ್ ಬರುತ್ತದೆಯೇ ಎಂದು ನೋಡಲು ಕೂದಲು ಬೋಳಿಸಿದ ಇಲಿಗಳ ಮೇಲೆ ಮಂದ ಕೆಂಪು ಲೇಸರ್ ಬಿಟ್ಟರು. ಕ್ಯಾನ್ಸರ್ ಬರಲಿಲ್ಲ, ಕೂದಲು ಬೇಗ ಬೆಳೆಯಿತು. ಆಮೇಲೆ ಅವರು ಇದನ್ನು ಮಾಯದ ಹುಣ್ಣುಗಳ ಮೇಲೂ ಪ್ರಯೋಗಿಸಿದರು.

ಹೇಗೆ ಕೆಲಸ ಮಾಡುತ್ತದೆ?
ಇದು ಸುಡುವ, ಕತ್ತರಿಸುವ ಲೇಸರ್ ಅಲ್ಲ. ಸುಮಾರು 600ರಿಂದ 700 ನ್ಯಾನೋಮೀಟರಿನ ಕೆಂಪು ಬೆಳಕು, ಅಥವಾ ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನು ಬಳಸುತ್ತಾರೆ. ಜೀವಕೋಶದೊಳಗಿನ ಮೈಟೋಕಾಂಡ್ರಿಯಾ ಈ ಬೆಳಕನ್ನು ಹೀರಿ ಹೆಚ್ಚು ಶಕ್ತಿ ತಯಾರಿಸುತ್ತದೆ ಎಂಬುದು ಮುಖ್ಯ ವಿವರಣೆ. ಆಗ ಉರಿಯೂತ ತಗ್ಗಿ, ಹೊಸ ರಕ್ತನಾಳಗಳೂ ಗಾಯ ಮುಚ್ಚುವ ಕೊಲಾಜನ್ ಎಳೆಗಳೂ ಬೆಳೆಯಲು ನೆರವಾಗುತ್ತದೆ. ಆದರೆ ಪ್ರಮಾಣ ಮುಖ್ಯ: ಕಡಿಮೆಯಾದರೆ ಪರಿಣಾಮವಿಲ್ಲ, ಅತಿಯಾದರೆ ಮಾಯುವುದೇ ನಿಧಾನವಾಗಬಹುದು.

ಆಧಾರ ಎಷ್ಟಿದೆ?
ಕ್ಯಾನ್ಸರ್ ಚಿಕಿತ್ಸೆಯಿಂದಾಗುವ ಬಾಯಿಹುಣ್ಣು ತಡೆಯಲು ಈ ಬೆಳಕಿಗೆ ಒಳ್ಳೆಯ ಆಧಾರವಿದ್ದು, ಅಂತರರಾಷ್ಟ್ರೀಯ ಮಾರ್ಗಸೂಚಿಗಳೂ ಆಯ್ದ ರೋಗಿಗಳಿಗೆ ಇದನ್ನು ಶಿಫಾರಸು ಮಾಡುತ್ತವೆ. ಸಕ್ಕರೆ ಕಾಯಿಲೆಯ ಕಾಲುಹುಣ್ಣಿನ ಬಗ್ಗೆ ಹಾಗೆ ಹೇಳಲಾಗದು. 2017ರ ಕಾಕ್ರೇನ್ ವಿಮರ್ಶೆಗೆ ಸಿಕ್ಕಿದ್ದು 8 ಪ್ರಯೋಗಗಳು, ಒಟ್ಟು 316 ಮಂದಿ. ಹುಣ್ಣು ಕಿರಿದಾಗುವ ಸೂಚನೆ ಕಂಡರೂ ಪ್ರಯೋಗಗಳು ಚಿಕ್ಕವು, ಆಧಾರ ದುರ್ಬಲ ಎಂದೇ ಅದು ಹೇಳಿತು.

ಹಣ ಕಟ್ಟುವ ಮುನ್ನ
• ಸಕ್ಕರೆ ಹತೋಟಿ, ಸತ್ತ ಚರ್ಮ ತೆಗೆದು ಡ್ರೆಸಿಂಗ್, ಹುಣ್ಣಿನ ಮೇಲೆ ಭಾರ ಬೀಳದಂತೆ ನೋಡುವುದು, ಕಾಲಿನ ರಕ್ತಸಂಚಾರದ ಪರೀಕ್ಷೆ: ಇವೇ ಮೊದಲ ಚಿಕಿತ್ಸೆ. ಬೆಳಕು ಇವುಗಳ ಜೊತೆಗೆ ಮಾತ್ರ, ಬದಲಿಗಲ್ಲ.
• ತರಂಗಾಂತರ ಎಷ್ಟು, ಪ್ರಮಾಣ ಎಷ್ಟು, ಎಷ್ಟು ಸಲ ಬರಬೇಕು, ಒಟ್ಟು ಖರ್ಚೆಷ್ಟು ಎಂದು ಕೇಳಿ.
• ಕಣ್ಣಿಗೆ ರಕ್ಷಣಾ ಕನ್ನಡಕ ಬೇಕೇ ಬೇಕು.
• ಹುಣ್ಣಿನ ಜಾಗದಲ್ಲಿ ಕ್ಯಾನ್ಸರ್ ಶಂಕೆಯಿದ್ದರೆ, ಬಿಸಿಲಿಗೆ ಚರ್ಮ ಕೆರಳಿಸುವ ಮಾತ್ರೆ ಸೇವಿಸುತ್ತಿದ್ದರೆ ವೈದ್ಯರಿಗೆ ಮೊದಲೇ ತಿಳಿಸಿ.
• ಮನೆಯ ಬಲ್ಬು, ಬಿಸಿಲು ಇದಕ್ಕೆ ಸಮವಲ್ಲ. ಸ್ಪರ್ಶ ಕಳೆದುಕೊಂಡ ಕಾಲಿಗೆ ಬಿಸಿ ತಾಗಿ ಸುಟ್ಟರೂ ತಿಳಿಯುವುದಿಲ್ಲ.

ಕೀವು, ದುರ್ವಾಸನೆ, ಜ್ವರ, ಕಪ್ಪಾದ ಬೆರಳು ಕಂಡರೆ ಯಾವ ದೀಪಕ್ಕೂ ಕಾಯದೆ ಅದೇ ದಿನ ಆಸ್ಪತ್ರೆಗೆ ಹೋಗಿ. ತಡವಾದರೆ ಕಾಲನ್ನೇ ಕಳೆದುಕೊಳ್ಳಬೇಕಾದೀತು. ಮನೆಯ ಹಿರಿಯರಿಗೆ ಇದನ್ನು ಓದಿ ಹೇಳಬೇಕೆಂದು ಕೋರುತ್ತೇವೆ.