ಪಾಚಿಯನ್ನು ಕಂಡ ಬಟ್ಟೆ ವ್ಯಾಪಾರಿ

ಬೇಸಿಗೆಯಲ್ಲಿ ಹರಿಹರದ ಸೇತುವೆಯ ಮೇಲೆ ನಿಂತು ತುಂಗಭದ್ರೆಯನ್ನು ನೋಡಿ. ಹರಿವು ಇಳಿದಾಗ ನದಿಪಾತ್ರದ ಗುಂಡಿಗಳಲ್ಲಿ ನಿಂತ ನೀರು ಹಸಿರಾಗುತ್ತದೆ. 'ಪಾಚಿ ಕಟ್ಟಿದೆ' ಎಂದು ನಾವು ಮುಂದೆ ಸಾಗುತ್ತೇವೆ.

1674ರಲ್ಲಿ ಹಾಲೆಂಡಿನ ಡೆಲ್ಫ್ಟ್ ನಗರದ ಲ್ಯೂವೆನ್‌ಹುಕ್ ಹಾಗೆ ಸಾಗಲಿಲ್ಲ. ಅವನು ಬಟ್ಟೆ ವ್ಯಾಪಾರಿ. ಹತ್ತಿಗಿರಣಿಗಳಿಂದ ಹೆಸರಾದ ದಾವಣಗೆರೆಯವರಿಗೆ ಆಪ್ತನೆನಿಸಬೇಕಾದವನು! ಊರಿನ ಸಮೀಪದ ಸರೋವರವೊಂದು ಚಳಿಗಾಲದಲ್ಲಿ ತಿಳಿಯಾಗಿದ್ದು, ಬೇಸಿಗೆಯಲ್ಲಿ ಮಬ್ಬಾಗುತ್ತಿತ್ತು; ನೀರಿನಲ್ಲಿ ಹಸಿರು ಮೋಡಗಳು ತೇಲುತ್ತಿದ್ದವು. ಇದಕ್ಕೆ ಇಬ್ಬನಿಯೇ ಕಾರಣವೆಂದು ಸುತ್ತಲಿನ ಜನ ನಂಬಿದ್ದರು. ಅವನು ಆ ನೀರನ್ನು ಸೀಸೆಯಲ್ಲಿ ತಂದು, ತಾನೇ ಉಜ್ಜಿ ಮಾಡಿದ ಮಸೂರದಲ್ಲಿ ನೋಡಿದ. ಸುರುಳಿ ಸುತ್ತಿದ ಹಸಿರು ಎಳೆಗಳು ಕಂಡವು. ಅದು ಇಂದು ನೀವು ಪ್ರಯೋಗಾಲಯದಲ್ಲಿ ನೋಡುವ ಸ್ಪೈರೋಗೈರಾ ಇರಬೇಕು. ಕಂಡದ್ದನ್ನು ಲಂಡನ್ನಿನ ರಾಯಲ್ ಸೊಸೈಟಿಗೆ ಬರೆದು ತಿಳಿಸಿದ.

ಆದರೆ ತೇಲುವ ಪಾಚಿ ಕಥೆಯ ಅರ್ಧ ಮಾತ್ರ. 1970ರ ದಶಕದ ಆರಂಭದಲ್ಲಿ ಜಾನ್ ಹಾಬಿ ಮತ್ತು ಸಂಗಡಿಗರು ಅಲಾಸ್ಕದ ಬ್ಯಾರೋ ಬಳಿಯ ಟಂಡ್ರಾ ಹೊಂಡಗಳನ್ನು ಅಭ್ಯಸಿಸಿದರು. ಆಳ ಸುಮಾರು ಅರ್ಧ ಮೀಟರ್. ವರ್ಷದ ಒಂಬತ್ತು ತಿಂಗಳು ಹಿಮ. ಚಳಿಗಾಲದಲ್ಲಿ ತಳದವರೆಗೂ ಹೆಪ್ಪುಗಟ್ಟುತ್ತವೆ. ಕರಗಿದಾಗ ನೀರು ತಿಳಿ. ಆದರೂ ತಳದ ಕೆಸರಿಗೆ ಅಂಟಿದ ಶೈವಲಗಳು ತೇಲುವವುಗಳಿಗಿಂತ ಹಲವು ಪಟ್ಟು ಆಹಾರ ತಯಾರಿಸುತ್ತಿದ್ದವು! ನೀರಿನಲ್ಲಿ ರಂಜಕ ತೀರ ಕಡಿಮೆ, ಕೆಸರಿನಲ್ಲಿ ಹೆಚ್ಚು. ಆಳ ಕಡಿಮೆಯಾದ್ದರಿಂದ ಬೆಳಕು ತಳ ಮುಟ್ಟುತ್ತದೆ. (ಭೌತವಿಜ್ಞಾನದ ಮೇಷ್ಟ್ರಿಗೆ ಪಾಚಿಯ ಉಸಾಬರಿ ಏಕೆ ಎನ್ನಬೇಡಿ, ಬೆಳಕು ನಮ್ಮ ವಿಷಯವೇ.)

ದಾವಣಗೆರೆ ಕುಡಿಯುವುದು ಕುಂದವಾಡ ಕೆರೆಯಲ್ಲಿ ಸಂಗ್ರಹಿಸಿದ ಭದ್ರಾ ನಾಲೆಯ ನೀರನ್ನೂ. ಅಲ್ಲಿಗೆ ವಿದ್ಯಾರ್ಥಿಗಳನ್ನು ಕರೆದೊಯ್ದಾಗ ಸೀಸೆಯಲ್ಲಿ ನೀರು ತುಂಬಿಸಿದರೆ ಸಾಲದು; ಅಂಚಿನಲ್ಲಿ ಮುಳುಗಿರುವ ಕಲ್ಲೊಂದನ್ನೂ ಕೆರೆದು ಸೂಕ್ಷ್ಮದರ್ಶಕದಡಿ ಇಡಿ.