ಮೂರು ಹಳಿ, ಎಂಟು ವ್ಯಾಗನ್: ಹಲಗೆಯ ಮೇಲೆ ಉಳಿದ ಹಳ್ಳಿ ಯಾರ್ಡು

ರೈಲಿನ ಚರಿತ್ರೆ ಎಂದರೆ ದೊಡ್ಡ ಜಂಕ್ಷನ್ನು, ದೊಡ್ಡ ಸೇತುವೆ, ವೇಗದ ಗಾಡಿ ಇವುಗಳ ಚರಿತ್ರೆ ಎಂದೇ ನಾವೆಲ್ಲ ಓದಿಕೊಂಡು ಬಂದಿದ್ದೇವೆ. ಹಳ್ಳಿಯವರು ಕುರಿ, ಗೊಬ್ಬರ, ಕಲ್ಲಿದ್ದಲು ಹತ್ತಿಸಿ ಇಳಿಸುತ್ತಿದ್ದ ಸಣ್ಣ ಗೂಡ್ಸ್ ಯಾರ್ಡಿನ ಮಾತು ಅದರಲ್ಲಿ ಬರುವುದು ಅಪರೂಪ. ಅಂಥದ್ದೊಂದು ಯಾರ್ಡು ಆಟಿಕೆ ರೈಲಿನ ರೂಪದಲ್ಲಿ ಉಳಿದುಕೊಂಡ ಕಥೆ ಇದು.

ಇಂಗ್ಲೆಂಡಿನ ಉತ್ತರದ ತುದಿಯಲ್ಲಿ, ಸ್ಕಾಟ್ಲೆಂಡ್ ಗಡಿಗೆ ಹತ್ತಿರ, ಚೆವಿಯಟ್ ಬೆಟ್ಟಗಳ ಬುಡದಲ್ಲಿ ಕಿಲಂ ಎಂಬ ಹಳ್ಳಿಯಿದೆ. ಅದು ಕುರಿ ಸಾಕುವವರ ಸೀಮೆ. ಚೆವಿಯಟ್ ಕುರಿ ತಳಿಗೆ ಹೆಸರು ಬಂದದ್ದೇ ಈ ಬೆಟ್ಟಗಳಿಂದ. 1880ರ ದಶಕದ ಆರಂಭದಲ್ಲಿ ಬೇರೆಯವರು ಈ ಸೀಮೆಗೆ ಹೊಸ ಹಳಿ ತರುವ ಯೋಜನೆ ಮುಂದಿಟ್ಟರು. ಅವರನ್ನು ತಡೆಯಲು ನಾರ್ತ್ ಈಸ್ಟರ್ನ್ ರೈಲ್ವೆ ಕಂಪನಿ ತಾನೇ ಆನಿಕ್‌ನಿಂದ ಕಾರ್ನ್‌ಹಿಲ್‌ವರೆಗೆ ಸುಮಾರು 57 ಕಿ.ಮೀ. ಹಳಿ ಹಾಕಿತು. 1887ರಲ್ಲಿ ಗಾಡಿ ಓಡಾಟ ಶುರುವಾಯಿತು.

ಕಂಪನಿ ಈ ಮಾರ್ಗದಲ್ಲಿ ಭವ್ಯವಾದ ಕಲ್ಲಿನ ಸ್ಟೇಷನ್ನುಗಳನ್ನು ಕಟ್ಟಿಸಿತು. ಆದರೆ ಹತ್ತುವ ಜನ ಕಡಿಮೆ. ರಸ್ತೆಗೆ ಬಸ್ಸು ಬಂದ ಮೇಲೆ ಇನ್ನೂ ಕಡಿಮೆಯಾಗಿ, 1930ರಲ್ಲಿ ಪ್ಯಾಸೆಂಜರ್ ಗಾಡಿ ನಿಂತಿತು. ಗೂಡ್ಸ್ ಗಾಡಿ ಮುಂದುವರಿಯಿತು. 1948ರ ಆಗಸ್ಟ್ ಪ್ರವಾಹದಲ್ಲಿ ನಡುವಿನ ಹಳಿ ಕೊಚ್ಚಿಹೋಗಿ ಮಾರ್ಗ ಎರಡು ತುಂಡಾಯಿತು. ಅದನ್ನು ಮತ್ತೆ ಜೋಡಿಸಲೇ ಇಲ್ಲ. ಕಿಲಂ ಇದ್ದ ಉತ್ತರದ ತುಂಡೂ 1965ರಲ್ಲಿ ಮುಚ್ಚಿತು.

ಕಿಲಂನಲ್ಲಿ ಪ್ಯಾಸೆಂಜರ್ ಸ್ಟೇಷನ್ ಇರಲಿಲ್ಲ. ಸಾಮಾನಿಗಾಗಿ ಹಾಕಿದ ಸೈಡಿಂಗ್ ಮಾತ್ರ ಇತ್ತು. ಇಂಥ ಕಡೆ ಕೆಲಸ ನಡೆಯುತ್ತಿದ್ದ ರೀತಿ ಹೀಗೆ: ಗೂಡ್ಸ್ ಗಾಡಿ ಊರೂರಿಗೆ ನಿಂತು, ಅಲ್ಲಿಗೆ ಬಂದ ಒಂದೋ ಎರಡೋ ವ್ಯಾಗನ್ ಬಿಟ್ಟು, ಖಾಲಿಯಾದದ್ದನ್ನು ಎಳೆದುಕೊಂಡು ಮುಂದಿನ ಊರಿಗೆ ಹೋಗುತ್ತಿತ್ತು. ಬೇಕಾದ ವ್ಯಾಗನ್ ಯಾವಾಗಲೂ ನಾಲ್ಕರ ಹಿಂದೆ ಸಿಕ್ಕಿಕೊಂಡಿರುತ್ತದೆ. ಅದನ್ನು ಬಿಡಿಸಿ, ಮುಂದಿನ ಊರುಗಳ ಸರದಿಗೆ ತಕ್ಕಂತೆ ಉಳಿದವನ್ನು ಜೋಡಿಸುವುದೇ ಶಂಟಿಂಗ್. ಇದು ಕೊಂಡಿ ಬಿಚ್ಚಿ ಹಾಕುವ ಮೈಕೆಲಸವೂ ಹೌದು, ಲೆಕ್ಕಾಚಾರವೂ ಹೌದು.

ಅಲನ್ ರೈಟ್ (1928–2005) ಎಂಬ ಇಂಗ್ಲಿಷ್ ಮಾದರಿ ರೈಲು ಹವ್ಯಾಸಿ ಹಿಡಿದದ್ದು ಈ ಲೆಕ್ಕಾಚಾರವನ್ನು. ಕಿಲಂ ಸೈಡಿಂಗ್‌ನ ವಿನ್ಯಾಸವನ್ನು ಆಧಾರವಾಗಿಟ್ಟುಕೊಂಡು ಅವರು 'ಇಂಗಲ್‌ನುಕ್ ಸೈಡಿಂಗ್ಸ್' ಎಂಬ ಪುಟ್ಟ ಯಾರ್ಡು ಕಟ್ಟಿದರು. ಇಂಗಲ್‌ನುಕ್ ಅಂದರೆ ಒಲೆಯ ಪಕ್ಕದ ಮೂಲೆ. ಹೆಸರಿಗೆ ತಕ್ಕಂತೆ ಜಾಗವೂ ಸ್ವಲ್ಪವೇ ಸಾಕು. ಅದರಲ್ಲಿ ಮೂರು ಹಳಿ. ಉದ್ದನೆಯದರಲ್ಲಿ 5 ವ್ಯಾಗನ್, ಉಳಿದೆರಡರಲ್ಲಿ ತಲಾ 3 ಹಿಡಿಸುತ್ತವೆ. ಮೂರೂ ಸೇರುವ ಕಡೆ ಎಂಜಿನ್ ಹಿಂದೆ ಮುಂದೆ ಓಡಾಡಲು ಒಂದು ಶಂಟಿಂಗ್ ನೆಕ್. ಅದರಲ್ಲಿ ಎಂಜಿನ್ ಜೊತೆ 3 ವ್ಯಾಗನ್ನಿಗಷ್ಟೇ ಜಾಗ. ಒಟ್ಟು ವ್ಯಾಗನ್ 8. ಚೀಟಿ ಎತ್ತಿ ಐದನ್ನು ಆರಿಸಿ, ಚೀಟಿ ಬಂದ ಕ್ರಮದಲ್ಲೇ ಅವನ್ನು ಉದ್ದನೆಯ ಹಳಿಯ ಮೇಲೆ ಜೋಡಿಸಬೇಕು. ಹೀಗೆ ಬರಬಹುದಾದ ಕ್ರಮಗಳು 6,720.

ಸುಲಭ ಅನ್ನಿಸಿದರೆ ಆಡಿ ನೋಡಿ. ಉದ್ದನೆಯ ಹಳಿಯಲ್ಲಿ 5, ಒಂದು ಸಣ್ಣ ಹಳಿಯಲ್ಲಿ 3 ಇವೆ, ಇನ್ನೊಂದು ಸಣ್ಣ ಹಳಿ ಖಾಲಿ ಎಂದಿಟ್ಟುಕೊಳ್ಳಿ. ಉದ್ದನೆಯದರ ಮೂರನೆಯ ವ್ಯಾಗನ್ ಬೇಕೆಂದರೆ, ಮೂರನ್ನೂ ಎಳೆದು ಖಾಲಿ ಹಳಿಗೆ ನೂಕಿ, ಅದೊಂದನ್ನು ಅಲ್ಲೇ ಬಿಟ್ಟು ಎರಡನ್ನು ವಾಪಸು ತಂದರಾಯಿತು. ನಾಲ್ಕನೆಯದು ಬೇಕೆಂದರೆ? ನೆಕ್‌ನಲ್ಲಿ ನಾಲ್ಕು ಹಿಡಿಸುವುದಿಲ್ಲ. ಮುಂದಿನ ಮೂರನ್ನು ಖಾಲಿ ಹಳಿಗೆ ಹಾಕಿದರೆ ಸಣ್ಣ ಹಳಿಗಳು ಎರಡೂ ಭರ್ತಿ. ಆಟ ಶುರುವಾಗುವುದೇ ಅಲ್ಲಿ. ಆದರೂ ಪ್ರತಿ ಕ್ರಮಕ್ಕೂ ದಾರಿ ಉಂಟು. ಎಂಥ ಅಳತೆಯ ಯಾರ್ಡಿನಲ್ಲಿ ಯಾವಾಗಲೂ ದಾರಿ ಸಿಗುತ್ತದೆ ಎಂಬ ಬಗ್ಗೆ ಗಣಿತಜ್ಞರು ಪ್ರಬಂಧವನ್ನೇ ಬರೆದಿದ್ದಾರೆ.

ನಮಗೆ ಮುಖ್ಯ ಅನ್ನಿಸಿದ್ದು ಇದು. ಆ ಮಾರ್ಗದ ಚಂದದ ಸ್ಟೇಷನ್ ಕಟ್ಟಡಗಳಲ್ಲಿ ಹಲವು ಇಂದು ಮನೆಗಳಾಗಿ ಉಳಿದಿವೆ. ಕಟ್ಟಡ ಕಣ್ಣಿಗೆ ಕಾಣುತ್ತದೆ, ಉಳಿಸುವವರು ಸಿಗುತ್ತಾರೆ. ಶಂಟಿಂಗ್ ಮಾಡಿದವನ ಕೆಲಸಕ್ಕೆ ಗೋಡೆಯಿಲ್ಲ, ಗಾಡಿ ನಿಂತ ದಿನವೇ ಅದೂ ಹೋಯಿತು. ಆದರೆ ಈ ಯಾರ್ಡಿನ ಮುಂದೆ ಕೂತವರು ಅವನ ತಲೆನೋವನ್ನೇ ಅನುಭವಿಸುತ್ತಾರೆ. ಮಾದರಿ ಕಟ್ಟುವಾಗ ಗೋಡೆಯ ಬಣ್ಣ ಸರಿಯಾದರೆ ಸಾಲದು, ಜಾಗದ ಇಕ್ಕಟ್ಟೂ ಸರಿಯಾಗಿ ಬರಬೇಕು. ನೆಕ್ ಅನ್ನು ಸುಮ್ಮನೆ ಉದ್ದ ಮಾಡಿದರೆ ಯಾರ್ಡು ನೋಡಲು ಹಾಗೇ ಇರುತ್ತದೆ, ಒಳಗಿನ ಕೆಲಸ ಮಾತ್ರ ಸುಳ್ಳಾಗುತ್ತದೆ.

ನಮ್ಮ ಕಡೆಯ ಸಣ್ಣ ಸ್ಟೇಷನ್ನುಗಳಲ್ಲೂ ಒಂದು ಗೂಡ್ಸ್ ಶೆಡ್ಡು, ಒಂದೆರಡು ಸೈಡಿಂಗ್ ಇರುತ್ತಿದ್ದವು. 1980ರ ದಶಕದಲ್ಲಿ ಭಾರತೀಯ ರೈಲ್ವೆ ಬಿಡಿ ವ್ಯಾಗನ್ ಬಿಟ್ಟು ಇಡೀ ರೇಕ್ ಬುಕಿಂಗ್‌ಗೆ ಒತ್ತು ಕೊಟ್ಟಿತು. ಒಂದು ವ್ಯಾಗನ್ ತುಂಬುವಷ್ಟೇ ಸರಕು ಇದ್ದವರು ಲಾರಿಗೆ ಹೋದರು. 1992ರಿಂದ ಯುನಿಗೇಜ್ ಯೋಜನೆಯಡಿ ಮೀಟರ್ ಗೇಜ್ ಹಳಿ ಕಿತ್ತು ಬ್ರಾಡ್ ಗೇಜ್ ಹಾಕುವಾಗ ಹಳೆಯ ಯಾರ್ಡುಗಳ ಗುರುತೂ ಅಳಿಸಿತು. ಆದರೆ ಅಲ್ಲಿ ದುಡಿದ ಪಾಯಿಂಟ್ಸ್‌ಮನ್‌ಗಳು, ಹಮಾಲರು ಇನ್ನೂ ನಮ್ಮ ನಡುವೆ ಇದ್ದಾರೆ.

ಅವರ ಹತ್ತಿರ ಹೋಗಿ ನಾವು ಕೇಳಬೇಕಾದದ್ದು ಮೂರು ಪ್ರಶ್ನೆ. ಯಾವ ಹಳಿಯಲ್ಲಿ ಎಷ್ಟು ವ್ಯಾಗನ್ ಹಿಡಿಸುತ್ತಿದ್ದವು? ಶಂಟಿಂಗ್ ಮಾಡಲು ಎಂಜಿನ್ನಿಗೆ ಎಷ್ಟು ಜಾಗ ಇತ್ತು? ಯಾವ ಸಾಮಾನು ಎಲ್ಲಿ ಇಳಿಯುತ್ತಿತ್ತು? ಅಳತೆಯನ್ನು ಅಡಿ, ಮೀಟರಿಗಿಂತ ವ್ಯಾಗನ್ ಲೆಕ್ಕದಲ್ಲಿ ಬರೆದುಕೊಳ್ಳಿ, ಅವರಿಗೆ ನೆನಪಿರುವುದು ಹಾಗೆ. ಮಾದರಿ ಎಂಜಿನ್ನಿಗೆ ದುಡ್ಡು ಹಾಕುವುದು ಆಮೇಲಿನ ಮಾತು. ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಹಳಿ ಎಳೆದು, ನಂಬರು ಬರೆದ ಎಂಟು ಬೆಂಕಿಪೆಟ್ಟಿಗೆ ಇಟ್ಟರೂ ಯಾರ್ಡು ಕೆಲಸ ಮಾಡುತ್ತದೆ. ಅದನ್ನು ಆ ಹಿರಿಯರ ಮುಂದೆ ಇಡಿ. ತಪ್ಪಿದ್ದರೆ ಅವರೇ ಪೆಟ್ಟಿಗೆ ಸರಿಸಿ ತೋರಿಸುತ್ತಾರೆ.